ಬಯಲಿಗೆ ಬರೆದ ಓಲೆ

ವಿಮರ್ಶೆಗೆ ಮುದ್ರಿತ ಗ್ರಂಥವೇ ವಿಷಯವಾಗಬೇಕೆಂಬ ನಿಯಮವೇನೂ ಇಲ್ಲ. ಮನುಷ್ಯನು ವಿಚಾರ ಮಾಡಿ, ಆಯ್ದು, ಜೋಡಿಸಿ, ಇನ್ನೊಬ್ಬರಿಗೆ ತಲುಪಲೆಂದು ಕಳುಹಿದುದೆಲ್ಲವೂ ಕೃತಿಯೇ. ಕಲ್ಲಿನ ಮೇಲೆ ಕಂಡರಿಸಿದುದು ಶಾಸನವೆನಿಸಿತು, ಓಲೆಯ ಮೇಲೆ ಕೊರೆದುದು ಕಾವ್ಯವೆನಿಸಿತು. ತಾಮ್ರದ ತಟ್ಟೆಯ ಮೇಲೆ ಕೊರೆದು, ಹೊನ್ನಿನ ಲೇಪವಿತ್ತು, ಸೌರಮಂಡಲದ ಆಚೆಗೆ ಎಸೆದುದನ್ನು ಏನೆಂದು ಕರೆಯಬೇಕು? 1977ರ ಆಗಸ್ಟ್ 20ರಂದು ಹಾರಿದ ವಾಯೇಜರ್-2 ಮತ್ತು ಅದೇ ವರ್ಷದ ಸೆಪ್ಟೆಂಬರ್ 5ರಂದು ಹಾರಿದ ವಾಯೇಜರ್-1 ಎಂಬ ಎರಡು ಗಗನನೌಕೆಗಳ ಒಡಲಿಗೆ ಒಂದೊಂದು ಧ್ವನಿಮುದ್ರಿಕೆಯನ್ನು ಬಿಗಿದು ಕಳುಹಿಸಲಾಗಿದೆ. ಸ್ವರ್ಣಮುದ್ರಿಕೆಯೆಂದು ಪ್ರಸಿದ್ಧವಾದ ಇದನ್ನು ವಿಜ್ಞಾನದ ಸಾಧನೆಯೆಂದು ಹೊಗಳಿದವರು ಬಹುಮಂದಿ. ಇದನ್ನು ಒಂದು ಸಂಕಲನ ಗ್ರಂಥದಂತೆ ಓದಿ, ಅದರ ಗುಣದೋಷಗಳನ್ನು ತೂಗಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ಕೃತಿಯ ಸ್ವರೂಪವನ್ನು ಹೇಳಬೇಕು. ತಟ್ಟೆಯ ವ್ಯಾಸ 12 ಅಂಗುಲ. ಅದು ನಿಮಿಷಕ್ಕೆ 16 ಸುತ್ತುಗಳಿಗಿಂತ ತುಸು ಹೆಚ್ಚು ವೇಗದಲ್ಲಿ ತಿರುಗಬೇಕು. ನುಡಿಸಲು ಬೇಕಾದ ಮುಳ್ಳನ್ನೂ ಜೊತೆಗೇ ಇಟ್ಟಿದ್ದಾರೆ. ನುಡಿಸುವ ಕ್ರಮವನ್ನು ಹೊದಿಕೆಯ ಮೇಲೆ ಅಕ್ಷರಗಳಿಲ್ಲದೆ ಕೇವಲ ರೇಖೆಗಳಲ್ಲಿ ಕೆತ್ತಿದ್ದಾರೆ. ಕಾಲವನ್ನು ಅಳೆಯಲು ಜಲಜನಕದ ಪರಮಾಣುವಿನ ಸ್ಪಂದನವನ್ನೇ ಮಾನವಾಗಿರಿಸಿಕೊಂಡು, ನಮ್ಮ ಸೂರ್ಯನಿರುವ ಸ್ಥಳವನ್ನು 14 ಪಲ್ಸಾರ್ ನಕ್ಷತ್ರಗಳ ದಿಕ್ಕಿನಿಂದ ಗುರುತಿಸಿದ್ದಾರೆ. ಒಳಗೆ 55 ಭಾಷೆಗಳ ಶುಭಾಶಯಗಳು, ಮಳೆ ಗುಡುಗು ಜೀರುಂಡೆ ತಿಮಿಂಗಿಲ ರೈಲುಗಾಡಿ ಮೊದಲ್ಗೊಂಡು ಭೂಮಿಯ ಸದ್ದುಗಳು, ಸುಮಾರು 90 ನಿಮಿಷಗಳ ಸಂಗೀತ, ನೂರಕ್ಕೂ ಮಿಕ್ಕಿದ ಚಿತ್ರಗಳು. ಚಿತ್ರಗಳನ್ನೂ ಧ್ವನಿಯ ರೂಪಕ್ಕೆ ತಿರುಗಿಸಿ ಅದೇ ತಟ್ಟೆಯಲ್ಲಿ ಕೊರೆದಿದ್ದಾರೆ. ಖಗೋಳಶಾಸ್ತ್ರಜ್ಞ ಕಾರ್ಲ್ ಸೇಗನ್ ಅವರ ನೇತೃತ್ವದಲ್ಲಿ ಒಂದು ಸಣ್ಣ ಮಂಡಳಿಯು ಕೆಲವೇ ತಿಂಗಳುಗಳಲ್ಲಿ ಇದನ್ನೆಲ್ಲ ಸಿದ್ಧಪಡಿಸಿತು. 1978ರಲ್ಲಿ ಅವರೇ ಹೊರತಂದ ‘ಮರ್ಮರ್ಸ್ ಆಫ್ ಅರ್ಥ್’ ಎಂಬ ಗ್ರಂಥದಲ್ಲಿ ಈ ಆಯ್ಕೆಯ ಕಥೆಯೆಲ್ಲ ಬಂದಿದೆ. ಸಂಕಲನಕಾರನೇ ತನ್ನ ಸಂಕಲನದ ಟೀಕೆಯನ್ನೂ ಬರೆದಂತೆ.

ಈ 55 ಭಾಷೆಗಳಲ್ಲಿ ಕನ್ನಡವೂ ಒಂದು. ಸಮಸ್ತ ಕನ್ನಡಿಗರ ಪರವಾಗಿ ಶುಭವನ್ನು ಕೋರುವ ಒಂದು ಚಿಕ್ಕ ವಾಕ್ಯ ಅದರಲ್ಲಿದೆ. ಮಠದ ವಿದ್ಯಾರ್ಥಿನಿಲಯದ ಬಾಲಕರಿಗೆ ಇದನ್ನು ಗಣಕಯಂತ್ರದಲ್ಲಿ ಕೇಳಿಸಿದಾಗ ಅವರು ಹಿಗ್ಗಿದುದನ್ನು ಕಂಡೆವು; ನಾವೂ ಹಿಗ್ಗಿದೆವೆಂದು ಒಪ್ಪಿಕೊಳ್ಳಲು ಸಂಕೋಚವೇನು? ಆದರೆ ವಿಮರ್ಶಕನಾದವನು ಹಿಗ್ಗಿದ ಮೇಲೆ ಲೆಕ್ಕವನ್ನೂ ನೋಡಬೇಕು. ಭಾರತದ ಭಾಷೆಗಳಲ್ಲಿ ಹಿಂದಿ, ಬಂಗಾಳಿ, ಮರಾಠಿ, ಗುಜರಾತಿ, ಪಂಜಾಬಿ, ಒಡಿಯಾ, ಉರ್ದು, ರಾಜಸ್ಥಾನಿ, ತೆಲುಗು, ಕನ್ನಡಗಳು ಅಲ್ಲಿವೆ. ತಮಿಳಿಲ್ಲ, ಮಲಯಾಳವಿಲ್ಲ. ಸಾವಿರಾರು ವರ್ಷಗಳ ಹಿಂದೆಯೇ ಜನರ ಬಾಯಿಂದ ಮರೆಯಾದ ಸುಮೇರಿಯನ್, ಅಕ್ಕಾಡಿಯನ್, ಹಿಟ್ಟೈಟ್ ಭಾಷೆಗಳಿವೆ, ಲ್ಯಾಟಿನ್ ಇದೆ. ಸಂಸ್ಕೃತವಿಲ್ಲ. ಇದರ ಕಾರಣವು ದ್ವೇಷವೂ ಅಲ್ಲ, ಪಕ್ಷಪಾತವೂ ಅಲ್ಲ. ಬಹುಪಾಲು ಶುಭಾಶಯಗಳನ್ನು ಮುದ್ರಿಸಿಕೊಂಡದ್ದು ಸೇಗನ್ ಅವರು ಅಧ್ಯಾಪಕರಾಗಿದ್ದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ. ಆ ಅವಸರದಲ್ಲಿ ಆ ಊರಿನ ಸುತ್ತಮುತ್ತ ಯಾರು ಯಾರು ದೊರೆತರೋ ಅವರ ನುಡಿಗಳು ಒಳಗಾದವು, ದೊರೆಯದವರ ನುಡಿಗಳು ಹೊರಗುಳಿದವು. ಸಮಸ್ತ ಮಾನವಕುಲದ ಪರವಾಗಿ ಆಡಿದ ಮಾತು ಒಂದು ವಿದ್ಯಾನಗರಿಯ ಅಂದಿನ ನೆರೆಹೊರೆಯನ್ನು ಅವಲಂಬಿಸಿತ್ತು. ಕನ್ನಡವು ನಕ್ಷತ್ರಲೋಕಕ್ಕೆ ಹೊರಟದ್ದು ಅದರ ಪ್ರಾಚೀನತೆಯ ಬಲದಿಂದಲ್ಲ. ಒಬ್ಬ ಕನ್ನಡಿಗನು ಆ ದಿನ ಅಲ್ಲಿದ್ದನೆಂಬ ಕಾರಣದಿಂದ. ಹೆಮ್ಮೆಪಡುವವರು ಇದನ್ನು ನೆನಪಿಟ್ಟು ಹೆಮ್ಮೆಪಡಲಿ. ಮಾತನಾಡಿದವರಿಗೆ ಮಂಡಳಿಯವರು ಹೀಗೆಯೇ ಹೇಳಿರೆಂದು ಕಟ್ಟುಪಾಡು ಮಾಡಲಿಲ್ಲ, ಚಿಕ್ಕದಾಗಿರಲಿ ಎಂದಷ್ಟೇ ಕೇಳಿದರು. ಅದು ಒಳ್ಳೆಯದಾಯಿತು. ಕೆಲವರು ಗಂಭೀರವಾಗಿ ಹರಸಿದ್ದಾರೆ, ಕೆಲವರು ಊಟವಾಯಿತೇ ಎಂದು ವಿಚಾರಿಸಿದ್ದಾರೆ. ಊಟವನ್ನು ವಿಚಾರಿಸಿದವರೇ ನಮಗೆ ಹೆಚ್ಚು ಆಪ್ತರಾಗಿ ತೋರುತ್ತಾರೆ.

ಇನ್ನು ಮುಖ್ಯವಾದ ಆಕ್ಷೇಪಣೆಗೆ ಬರೋಣ. ಚಿತ್ರಗಳನ್ನು ಆಯ್ದವರು ಯುದ್ಧ, ರೋಗ, ಅಪರಾಧ, ದಾರಿದ್ರ್ಯ ಇವುಗಳನ್ನು ಬುದ್ಧಿಪೂರ್ವಕವಾಗಿಯೇ ಬಿಟ್ಟರು. ನೋಡುವವರು ಬೆದರಿಕೆಯೆಂದು ತಿಳಿದಾರೆಂಬ ಅಂಜಿಕೆ ಒಂದು. ನಮ್ಮ ಒಳ್ಳೆಯ ಮುಖವೇ ಉಳಿಯಲೆಂಬ ಆಸೆ ಇನ್ನೊಂದು. ತಾಜಮಹಲು ಇದೆ, ನ್ಯೂಟನ್ನನ ಗ್ರಂಥದ ಒಂದು ಪುಟವಿದೆ, ಎದೆಹಾಲು ಕುಡಿಸುವ ತಾಯಿಯಿದ್ದಾಳೆ, ಭಾರತದ ಒಂದು ಬೀದಿಯ ವಾಹನಗಳ ದಟ್ಟಣೆಯೂ ಇದೆ. ಒಂದು ಸಮಾಧಿಭೂಮಿಯಿಲ್ಲ, ಒಂದು ಬಂದೀಖಾನೆಯಿಲ್ಲ. ಬರಗಾಲದ ಒಂದು ಒಲೆಯೂ ಇಲ್ಲ. ಮದುವೆಗೆ ಹೆಣ್ಣು ತೋರಿಸುವ ಮನೆಯವರು ಒಡೆದ ಪಾತ್ರೆಗಳನ್ನು ಹಿತ್ತಿಲಿಗೆ ಸಾಗಿಸಿದಂತೆ ಇದಾಯಿತು. ಶತಮಾನದಲ್ಲಿ ಎರಡು ಮಹಾಯುದ್ಧಗಳನ್ನು ಮಾಡಿ, ಎರಡು ನಗರಗಳ ಮೇಲೆ ಪರಮಾಣು ಬಾಂಬನ್ನು ಹಾಕಿ, ಇನ್ನೂ 32 ವರ್ಷಗಳು ಕಳೆದಿರಲಿಲ್ಲ. ಆ ಕಾಲದ ಮನುಷ್ಯನು ತನ್ನ ಪರಿಚಯಪತ್ರದಲ್ಲಿ ಅದನ್ನು ನಮೂದಿಸದೆ ಹೋದುದು ಸಣ್ಣ ಲೋಪವೆಂದು ನಮಗೆ ಅನಿಸುವುದಿಲ್ಲ.

ಸತ್ಯವನ್ನು ಮುಚ್ಚಿದ ಜಾಗದಲ್ಲಿ ಅದು ಬೇರೆ ಬಾಗಿಲಿನಿಂದ ಬರುವುದುಂಟು. ಮುದ್ರಿಕೆಯಲ್ಲಿ ವಿಶ್ವಸಂಸ್ಥೆಯ ಅಂದಿನ ಮಹಾಕಾರ್ಯದರ್ಶಿ ಕರ್ಟ್ ವಾಲ್ಡ್‌ಹೈಮ್ ಅವರ ಸಂದೇಶವೂ ಇದೆ. ಶಾಂತಿಯ ಮಾತುಗಳನ್ನಾಡಿದ ಆ ಧ್ವನಿಯ ಒಡೆಯನು ಎರಡನೆಯ ಮಹಾಯುದ್ಧದಲ್ಲಿ ಬಾಲ್ಕನ್ ಪ್ರದೇಶದಲ್ಲಿ ಜರ್ಮನ್ ಸೈನ್ಯದ ಅಧಿಕಾರಿಯಾಗಿದ್ದುದನ್ನು ಮರೆಮಾಚಿದ್ದನೆಂಬುದು 1986ರಲ್ಲಿ, ಆಸ್ಟ್ರಿಯಾ ದೇಶದ ಅಧ್ಯಕ್ಷ ಚುನಾವಣೆಯ ಸಮಯದಲ್ಲಿ, ಜಗತ್ತಿಗೆಲ್ಲ ತಿಳಿಯಿತು. ಯುದ್ಧದ ಒಂದು ಚಿತ್ರವೂ ಬೇಡವೆಂದವರು ಯುದ್ಧವನ್ನು ಬಚ್ಚಿಟ್ಟವನ ಧ್ವನಿಯನ್ನೇ, ತಿಳಿಯದೆ, ನಕ್ಷತ್ರಗಳಿಗೆ ಕಳುಹಿಸಿದ್ದರು. ಆ ವೇಳೆಗಾಗಲೇ ನೌಕೆಗಳು ಹಿಂದಕ್ಕೆ ಕರೆಯಲಾಗದಷ್ಟು ದೂರ ಹೋಗಿದ್ದವು. ಕಲ್ಲಿನ ಶಾಸನವಾಗಿದ್ದರೆ ಯಾರಾದರೂ ಉಳಿ ಹಿಡಿದು ಹೆಸರನ್ನು ಕೆತ್ತಿ ತೆಗೆಯುತ್ತಿದ್ದರೋ ಏನೋ.

ಇಷ್ಟಕ್ಕೇ ನಿಲ್ಲಿಸಿದರೆ ಕೃತಿಗೆ ಅನ್ಯಾಯವಾದೀತು. ಚಿತ್ರಗಳಿಂದ ಹೊರದೂಡಿದ ದುಃಖವು ಸಂಗೀತದಲ್ಲಿ ಬಂದು ಕುಳಿತಿದೆ. ನಮ್ಮ ಮಟ್ಟಿಗೆ ಈ ಸಂಕಲನದ ಜೀವವಿರುವುದು ಇಲ್ಲಿಯೇ. ಅಮೆರಿಕದ ಟೆಕ್ಸಾಸ್ ಪ್ರಾಂತದ ಬ್ಲೈಂಡ್ ವಿಲ್ಲಿ ಜಾನ್ಸನ್ ಎಂಬ ಕುರುಡ ಗಾಯಕನು 1927ರಲ್ಲಿ ಹಾಡಿದ ಒಂದು ಹಾಡು ಅದರಲ್ಲಿದೆ. ಕರಿಯರ ಕುಲದವನು, ಬೀದಿಯಲ್ಲಿ ಹಾಡಿ ಬದುಕಿದವನು, 1945ರಲ್ಲಿ ಕಡುಬಡತನದಲ್ಲಿಯೇ ತೀರಿಹೋದವನು. ಆ ಹಾಡಿನಲ್ಲಿ ಪದಗಳಿಲ್ಲ. ತಂತಿವಾದ್ಯದ ಜೊತೆಗೆ ಬರಿಯ ನರಳಿಕೆಯಿದೆ, ಗುನುಗುವಿಕೆಯಿದೆ. ಅದರ ಮೂಲವು ಶಿಲುಬೆಗೇರುವ ಹಿಂದಿನ ರಾತ್ರಿಯ ಏಸುವಿನ ವೇದನೆಯನ್ನು ಕುರಿತ ಒಂದು ಭಜನೆ. ದಾರಿದ್ರ್ಯದ ಚಿತ್ರ ಬೇಡವೆಂದರು; ದರಿದ್ರನೇ ಬಂದು ಹಾಡಿದನು. ನವಾಹೋ ಎಂಬ ಅಮೆರಿಕದ ಮೂಲನಿವಾಸಿಗಳ ರಾತ್ರಿಯ ಗಾನವೂ ಇದೆ. ಅದು ರೋಗಿಯನ್ನು ಗುಣಪಡಿಸುವ ವಿಧಿಗೆ ಸೇರಿದುದು. ರೋಗವಿಲ್ಲದ ಲೋಕದಲ್ಲಿ ಅಂಥ ಹಾಡು ಹುಟ್ಟುತ್ತಿರಲಿಲ್ಲ. ಬಾಖ್, ಮೊಜಾರ್ಟ್, ಜಾವಾ ದ್ವೀಪದ ಗಮೆಲಾನ್ ಮೊದಲಾದುವುಗಳ ವಿಷಯವನ್ನು ಬಲ್ಲವರು ಬರೆಯಲಿ. ಕೊನೆಯಲ್ಲಿ ಕಿವಿ ಕೇಳಿಸದ ಬೀಥೋವನ್ನನ ಒಂದು ನಿಧಾನವಾದ ರಚನೆಯಿಂದ ಮುದ್ರಿಕೆ ಮುಗಿಯುತ್ತದೆಂಬುದನ್ನು ಮಾತ್ರ ಹೇಳಿ ಮುಂದುವರಿಯುತ್ತೇವೆ.

ಭಾರತದಿಂದ ಆಯ್ಕೆಯಾದ ಸಂಗೀತ ಒಂದೇ ಒಂದು. ಸುರಶ್ರೀ ಕೇಸರಬಾಯಿ ಕೇರ್ಕರ್ ಅವರು ಭೈರವಿ ರಾಗದಲ್ಲಿ ಹಾಡಿದ, ಮೂರೂವರೆ ನಿಮಿಷದ ಒಂದು ಬಂದಿಶು. ಸಂಗೀತಶಾಸ್ತ್ರಜ್ಞರಾದ ರಾಬರ್ಟ್ ಬ್ರೌನ್ ಅವರ ಸೂಚನೆಯಂತೆ ಅದನ್ನು ಆರಿಸಲಾಯಿತು. ಗೋವೆಯ ಕೇರಿ ಎಂಬ ಗ್ರಾಮದಲ್ಲಿ ಹುಟ್ಟಿದ ಈ ಮಹಿಳೆ ಉಸ್ತಾದ್ ಅಲ್ಲಾದಿಯಾ ಖಾನರ ಶಿಷ್ಯೆ, ಜಯಪುರ-ಅತ್ರೌಲಿ ಘರಾಣೆಗೆ ಸೇರಿದವರು. ಅದೇ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀಖಾನ್, ಭೂರ್ಜೀಖಾನರಲ್ಲಿ ಕಲಿತವರು ನಮ್ಮ ಧಾರವಾಡದ ಪಂಡಿತ ಮಲ್ಲಿಕಾರ್ಜುನ ಮನಸೂರರು. ವಚನಗಳನ್ನು ರಾಗದಲ್ಲಿ ಮುಳುಗಿಸಿ ಹಾಡಿದ ಮನಸೂರರ ಕಂಠವನ್ನು ಕೇಳಿ ಬೆಳೆದ ನಮ್ಮ ಭಕ್ತರಿಗೆ ಕೇಸರಬಾಯಿಯವರ ಸ್ವರವು ಅಪರಿಚಿತವೆನಿಸಲಾರದು. ಎಡೆಬಿಡದೆ ಹರಿಯುವ ಅದೇ ಬಗೆಯ ಉಸಿರು, ಕೊರಳನ್ನು ತೆರೆದು ಆಕಾರದಲ್ಲಿ ನಿಲ್ಲಿಸುವ ಅದೇ ಬಗೆಯ ಗಾಂಭೀರ್ಯ. ಕೇಸರಬಾಯಿಯವರು ಧ್ವನಿಮುದ್ರಣಕ್ಕೆ ಸುಲಭವಾಗಿ ಒಪ್ಪುತ್ತಿದ್ದವರಲ್ಲ. ತಮ್ಮ ಹಾಡು ಕಂಡಕಂಡಲ್ಲಿ ಕೇಳಿಬರುವುದು ಅವರಿಗೆ ರುಚಿಸುತ್ತಿರಲಿಲ್ಲ. ಅಂಥವರ ಕೆಲವೇ ಮುದ್ರಣಗಳಲ್ಲಿ ಒಂದು ಎಲ್ಲರಿಗಿಂತ ದೂರ ಹೋಯಿತು.

ಆ ಬಂದಿಶಿನ ಭಾವವನ್ನು ಗಮನಿಸಬೇಕು. ದಾರಿಯಲ್ಲಿ ಒಬ್ಬಳೇ ಹೊರಟ ಹುಡುಗಿಯನ್ನು ನಿಲ್ಲಿಸಿ ಎಲ್ಲಿಗೆ ಹೋಗುತ್ತಿರುವೆಯೆಂದು ಕೇಳುವ ಮಾತು ಅದು. ಆಯ್ದವರು ಈ ಅರ್ಥವನ್ನು ನೌಕೆಗೆ ಹೊಂದಿಸಿಯೇ ಆಯ್ದರೆಂದು ನಾವು ಹೇಳಲಾರೆವು. ಉತ್ತಮ ಸಂಕಲನದಲ್ಲಿ ಸಂಕಲನಕಾರನಿಗೂ ಗೊತ್ತಿಲ್ಲದ ಸಂವಾದಗಳು ನಡೆಯುತ್ತವೆ. ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ, ಹಿಂದಿರುಗುವ ದಾರಿಯಿಲ್ಲದೆ, ಒಂಟಿಯಾಗಿ ಹೋಗುತ್ತಿರುವ ನೌಕೆಯನ್ನು ಅದರ ಒಡಲೊಳಗಿನ ಹಾಡೇ ಎಲ್ಲಿಗೆಂದು ಕೇಳುತ್ತಿದೆ. ಭೈರವಿಯನ್ನು ಕಚೇರಿಯ ಕೊನೆಯಲ್ಲಿ ಹಾಡುವ ವಾಡಿಕೆಯನ್ನು ಬಲ್ಲವರಿಗೆ ಇದರಲ್ಲಿ ಇನ್ನೂ ಒಂದು ಧ್ವನಿ ಕೇಳಿಸೀತು.

ಸದ್ದುಗಳ ಭಾಗದಲ್ಲಿ ಒಂದು ವಿಚಿತ್ರವಾದ ಅಂಶವಿದೆ. ಮಂಡಳಿಯ ಸದಸ್ಯೆಯಾದ ಆನ್ ಡ್ರುಯನ್ ಎಂಬ ಯುವತಿಯು 1977ರ ಜೂನ್ 3ರಂದು ಒಂದು ಗಂಟೆಯ ಕಾಲ ಮನಸ್ಸನ್ನು ಒಂದೆಡೆ ನಿಲ್ಲಿಸಿ ಕುಳಿತಳು. ಆಕೆಯ ಮಿದುಳಿನ ವಿದ್ಯುತ್ ತರಂಗಗಳನ್ನೂ ಹೃದಯದ ಬಡಿತವನ್ನೂ ಯಂತ್ರವು ಗ್ರಹಿಸಿತು. ಅವನ್ನು ಕುಗ್ಗಿಸಿ ಸದ್ದಾಗಿ ಮಾರ್ಪಡಿಸಿ ತಟ್ಟೆಗೆ ಇಳಿಸಿದರು. ಕೇಳಿದರೆ ಪಟಾಕಿಯ ಸರ ಸಿಡಿದಂತೆ ಚಟಚಟವೆನ್ನುತ್ತದೆ. ಆ ಹೊತ್ತಿನಲ್ಲಿ ಮಾನವನ ವಿಚಾರಗಳ ಇತಿಹಾಸವನ್ನು ನೆನೆದೆನೆಂದೂ, ಈ ಭೂಮಿಯನ್ನು ಅನೇಕರಿಗೆ ನರಕವಾಗಿಸಿರುವ ಹಿಂಸೆ ದಾರಿದ್ರ್ಯಗಳನ್ನು ನೆನೆದೆನೆಂದೂ, ಕೊನೆಯಲ್ಲಿ ಪ್ರೇಮದಲ್ಲಿ ಬಿದ್ದ ಅನುಭವವನ್ನು ನೆನೆದೆನೆಂದೂ ಆಕೆ ಮುಂದೆ ಬರೆದಳು. ಅದಕ್ಕೆ ಎರಡು ದಿನ ಮುಂಚೆ ಸೇಗನ್ ಅವರೊಡನೆ ದೂರವಾಣಿಯಲ್ಲಿ ಮಾತನಾಡುತ್ತಿರುವಾಗ ಇಬ್ಬರೂ ಮದುವೆಯಾಗಲು ನಿಶ್ಚಯಿಸಿದ್ದರು. ಮುಂದೆ 1981ರಲ್ಲಿ ಮದುವೆಯೂ ಆಯಿತು.

ಸನ್ಯಾಸಿಗಳಾದ ನಮಗೆ ಇದರಲ್ಲೇನು ಎಂದು ಕೆಲವರು ಕೇಳಬಹುದು. ಇಡೀ ಮುದ್ರಿಕೆಯಲ್ಲಿ ಅಂತರಂಗವನ್ನು ಮುಟ್ಟಲು ಹೊರಟ ಪ್ರಯತ್ನ ಇದೊಂದೇ. ಉಳಿದುದೆಲ್ಲ ಮನುಷ್ಯನು ಕಂಡದ್ದು, ಕಟ್ಟಿದ್ದು, ನುಡಿದದ್ದು, ನುಡಿಸಿದ್ದು. ಇಲ್ಲಿ ಮಾತ್ರ ನೆನೆದದ್ದು ಇದೆ. ಆದರೆ ಆ ಚಟಚಟ ಸದ್ದಿನಿಂದ ಹಿಂಸೆ ಯಾವುದು, ಪ್ರೇಮ ಯಾವುದು ಎಂದು ಬೇರ್ಪಡಿಸಿ ಹೇಳಬಲ್ಲವರು ಇಂದಿಗೂ ಇಲ್ಲ. ಪಕ್ಕದಲ್ಲಿ ಕುಳಿತವರಿಗೇ ಅದು ತಿಳಿಯಲಿಲ್ಲ. ಯಂತ್ರವು ಚಿತ್ತದ ಹೊರಗಿನ ಅಲೆಯನ್ನು ಹಿಡಿದಿದೆ, ಚಿತ್ತವನ್ನು ಹಿಡಿದಿಲ್ಲ. ಈ ಸೋಲೂ ಸಂಕಲನದೊಳಗೆ ಸೇರಿಕೊಂಡಿರುವುದು ಒಳ್ಳೆಯದೇ.

ಇದೇ ವಾಯೇಜರ್-1 ತೆಗೆದ ಒಂದು ಚಿತ್ರವನ್ನು ಈ ಓಲೆಯ ಜೊತೆಗಿಟ್ಟು ಓದಬೇಕು. 1990ರ ಫೆಬ್ರವರಿ 14ರಂದು, ಸೂರ್ಯನಿಂದ ಸುಮಾರು 600 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾಗ, ಅದರ ಕ್ಯಾಮೆರಾವನ್ನು ಹಿಂದಕ್ಕೆ ತಿರುಗಿಸಿ 60 ಚಿತ್ರಗಳನ್ನು ತೆಗೆಯಲಾಯಿತು. ಹಾಗೆ ತಿರುಗಿಸಬೇಕೆಂದು ವರ್ಷಾನುಗಟ್ಟಲೆ ಒತ್ತಾಯಿಸಿದವರು ಸೇಗನ್. ವಿಜ್ಞಾನಕ್ಕೆ ಅದರಿಂದ ಪ್ರಯೋಜನ ಅತ್ಯಲ್ಪವೆಂದು ಅವರಿಗೂ ಗೊತ್ತಿತ್ತು. ಒಂದು ಚಿತ್ರದಲ್ಲಿ 6,40,000 ಬಿಂದುಗಳು. ಅವುಗಳಲ್ಲಿ ಒಂದು ಬಿಂದುವಿನ ಎಂಟರಲ್ಲಿ ಒಂದು ಪಾಲಿನಷ್ಟೂ ಇಲ್ಲದ್ದು ನಮ್ಮ ಭೂಮಿ. 1968ರ ಡಿಸೆಂಬರ್ 24ರಂದು ಅಪೊಲೊ-8ರ ಯಾತ್ರಿಕರು ಚಂದ್ರನ ಕಡೆಯಿಂದ ತೆಗೆದ ಭೂಮಿಯ ಚಿತ್ರವು ನೋಡಿದೊಡನೆ ಮನಸ್ಸನ್ನು ಸೆಳೆಯುವಂಥದು. ಇದು ಹಾಗಲ್ಲ, ಇಲ್ಲಿದೆಯೆಂದು ಯಾರಾದರೂ ಬೊಟ್ಟುಮಾಡಿ ತೋರಿಸಬೇಕು. ಭೂಮಿಯನ್ನು ಹಿಡಿದೆತ್ತಿದಂತೆ ಒಂದು ಕಿರಣ ಅದರಲ್ಲಿ ಕಾಣುತ್ತದೆ. ಅನೇಕರು ಅದನ್ನು ದೈವದ ಕೈಯೆಂಬಂತೆ ವರ್ಣಿಸಿದ್ದಾರೆ. ಸೂರ್ಯನ ಸಮೀಪಕ್ಕೆ ಗುರಿಯಿಟ್ಟುದರಿಂದ ಬೆಳಕು ಮಸೂರದೊಳಗೆ ಚೆದರಿ ಉಂಟಾದ ಗೆರೆ ಅದು. ಭಕ್ತರು ಅದಕ್ಕೆ ಕೈಮುಗಿಯಬೇಕಾದ್ದಿಲ್ಲ.

ಸೇಗನ್ ಅವರು 1994ರಲ್ಲಿ ಪ್ರಕಟಿಸಿದ ‘ಪೇಲ್ ಬ್ಲೂ ಡಾಟ್’ ಎಂಬ ಗ್ರಂಥದಲ್ಲಿ ಈ ಚುಕ್ಕೆಯ ಬಗ್ಗೆ ಬರೆದ ಪುಟಗಳು ಜಗತ್ತಿನಾದ್ಯಂತ ಪ್ರಸಿದ್ಧವಾಗಿವೆ. ನಮ್ಮ ಸುಖದುಃಖಗಳು, ಸಾಮ್ರಾಜ್ಯಗಳು, ಮತಗಳು ಎಲ್ಲವೂ ಈ ಕಣದ ಮೇಲೆಯೇ ನಡೆದವು. ವಿಶ್ವದಲ್ಲಿ ನಮಗೆ ವಿಶೇಷ ಪೀಠವಿದೆಯೆಂಬ ಭ್ರಮೆಯನ್ನು ಈ ಚುಕ್ಕೆ ಅಳಿಸುತ್ತದೆ. ಆದ್ದರಿಂದ ಪರಸ್ಪರ ದಯೆಯಿಂದಿರಬೇಕು, ಈ ಮನೆಯನ್ನು ಕಾಪಾಡಿಕೊಳ್ಳಬೇಕು ಎಂಬುದು ಅವರ ವಾದದ ಸಾರ. ಗದ್ಯ ಉನ್ನತವಾದುದು, ಆಶಯ ಪವಿತ್ರವಾದುದು. ಆದರೂ ತರ್ಕದಲ್ಲಿ ಒಂದು ಜಿಗಿತವಿದೆಯೆಂದು ನಮಗೆ ತೋರುತ್ತದೆ. ದೂರದಿಂದ ಚಿಕ್ಕದಾಗಿ ಕಾಣುವುದಕ್ಕೂ ಬೆಲೆಯಿಲ್ಲದಿರುವುದಕ್ಕೂ ಸಂಬಂಧವೇನು? ಬೆಟ್ಟದ ಮೇಲಿನಿಂದ ನೋಡಿದರೆ ಹೆತ್ತ ತಾಯಿಯೂ ಎಳ್ಳಿನಷ್ಟು ಕಾಣುವಳು. ಅಲ್ಲದೆ, ಎಲ್ಲವೂ ಧೂಳಿಯ ಕಣವಾದರೆ ಕ್ರೌರ್ಯವೂ ಕಣವೇ, ಅದರಿಂದ ಆಗುವ ನೋವೂ ಕಣವೇ, ಚಿಂತಿಸಬೇಕಾದ್ದೇನು ಎಂದು ಇನ್ನೊಬ್ಬನು ಇದೇ ಚಿತ್ರವನ್ನು ಹಿಡಿದು ವಾದಿಸಬಹುದಲ್ಲವೆ? ಚುಕ್ಕೆಯು ಈ ಎರಡರಲ್ಲಿ ಯಾವುದನ್ನೂ ಬೋಧಿಸುವುದಿಲ್ಲ. ದಯೆಯು ಚಿತ್ರದಿಂದ ಹುಟ್ಟಿದುದಲ್ಲ. ದಯೆಯುಳ್ಳವನೊಬ್ಬನು ಚಿತ್ರವನ್ನು ನೋಡಿದನು. ಸೇಗನ್ ಅವರು ತಮ್ಮ ಹೃದಯದಿಂದ ತಂದುದನ್ನು ಖಗೋಳದ ಖಾತೆಗೆ ಜಮೆಮಾಡಿದರು.

ಹಾಗೆಂದು ವಿಸ್ಮಯ ಸುಳ್ಳೇ? ಅಲ್ಲ. ವಿಸ್ಮಯದ ಸ್ಥಾನವನ್ನು ಅವರು ಗುರುತಿಸಿದುದರಲ್ಲಿ ಮಾತ್ರ ನಮಗೆ ಭಿನ್ನಾಭಿಪ್ರಾಯ. ಬೆರಗುಗೊಳಿಸುವುದು ಚುಕ್ಕೆಯ ಚಿಕ್ಕತನವಲ್ಲ, ಚುಕ್ಕೆಯ ಮೇಲಿದ್ದವರು ಅಷ್ಟು ದೂರದಿಂದ ತಮ್ಮನ್ನು ತಾವೇ ನೋಡಿಕೊಳ್ಳಲು ಬಯಸಿದುದು. ನೋಡಲ್ಪಟ್ಟುದು ಬಿಂದುವಿನ ಒಂದು ಪಾಲು. ನೋಡುವ ಅರಿವಿಗೆ ಇಂತಿಷ್ಟೆಂಬ ಅಳತೆ ಎಲ್ಲಿದೆ? ಬಯಲೆಂದರೆ ಬರಿದಾದ ಜಾಗವೆಂದಷ್ಟೇ ತಿಳಿಯದ ಪರಂಪರೆಯಲ್ಲಿ ಬೆಳೆದವರಿಗೆ ಈ ಪ್ರಶ್ನೆ ಹೊಸದಲ್ಲ. ಅದನ್ನು ಇಲ್ಲಿ ಬೆಳೆಸಹೋದರೆ ವಿಮರ್ಶೆಯು ಪ್ರವಚನವಾದೀತು, ಬಿಡುತ್ತೇವೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದಾಗ, ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಎದ್ದ ಚಪ್ಪಾಳೆಯನ್ನು ದೂರದರ್ಶನದಲ್ಲಿ ಕಂಡು ನಾವೂ ಸಂತೋಷಪಟ್ಟೆವು. ಅದು ಹೆಮ್ಮೆ, ನ್ಯಾಯವಾದ ಹೆಮ್ಮೆ. ವಿಸ್ಮಯವು ಅದಕ್ಕಿಂತ ಬೇರೆ ಜಾತಿಯದು; ಅದು ಚಪ್ಪಾಳೆ ತಟ್ಟುವುದಿಲ್ಲ.

ವಾಯೇಜರ್-1 2012ರ ಆಗಸ್ಟ್‌ನಲ್ಲಿ ಸೂರ್ಯನ ಮಾರುತವು ಬೀಸುವ ಎಲ್ಲೆಯನ್ನು ದಾಟಿತು, ವಾಯೇಜರ್-2 2018ರ ನವೆಂಬರ್‌ನಲ್ಲಿ ದಾಟಿತು. 2023ರ ನವೆಂಬರ್‌ನಲ್ಲಿ ಮೊದಲನೆಯ ನೌಕೆಯ ಸ್ಮೃತಿಕೋಶದ ಒಂದು ತುಣುಕು ಕೆಟ್ಟು, ಅದು ಕಳುಹಿಸುವ ಮಾತೆಲ್ಲ ಅರ್ಥವಿಲ್ಲದ ತೊದಲಾಯಿತು. ಇಲ್ಲಿಂದ ಒಂದು ಆಜ್ಞೆ ಅಲ್ಲಿಗೆ ಮುಟ್ಟಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಮತ್ತೆ ಅಷ್ಟೇ. ಅಷ್ಟು ದೂರದ ಮುದುಕನಿಗೆ ತಾಳ್ಮೆಯಿಂದ ಶುಶ್ರೂಷೆ ಮಾಡಿ, 2024ರ ಏಪ್ರಿಲ್‌ನಲ್ಲಿ ತಂತ್ರಜ್ಞರು ಅದರ ಮಾತನ್ನು ಮರಳಿ ಪಡೆದರು. ಶಕ್ತಿ ಕುಂದುತ್ತ ಬಂದು ಒಂದು ದಿನ ಮಾತು ನಿಲ್ಲುವುದು ಖಂಡಿತ, ಚಲನೆ ನಿಲ್ಲುವುದಿಲ್ಲ. ಇನ್ನು ಸುಮಾರು 40,000 ವರ್ಷಗಳಿಗೆ ಅದು ಗ್ಲೀಸ್ 445 ಎಂಬ ನಕ್ಷತ್ರದ ಬಳಿಯಲ್ಲಿ ಹಾದುಹೋಗುವುದು. ಬಳಿ ಎಂದರೆ ಒಂದೂವರೆ ಜ್ಯೋತಿರ್ವರ್ಷಕ್ಕೂ ಹೆಚ್ಚಿನ ಅಂತರ. ಮುದ್ರಿಕೆಯ ವಯಸ್ಸು ತಿಳಿಯಲೆಂದು ಹೊದಿಕೆಗೆ ಅತಿ ಸ್ವಲ್ಪ ಯುರೇನಿಯಮ್ ಲೇಪಿಸಿದ್ದಾರೆ; ಅದು ಅರ್ಧವಾಗಲು ಸುಮಾರು 450 ಕೋಟಿ ವರ್ಷಗಳು ಬೇಕು.

ಕೇಸರಬಾಯಿಯವರ ಹಾಡನ್ನು ಕೇಳಿಸಿದ ದಿನ ವಿದ್ಯಾರ್ಥಿನಿಲಯದ ಒಬ್ಬ ಬಾಲಕನು, “ಬುದ್ಧೀ, ಅಲ್ಲಿ ಕೇಳುವವರು ಯಾರೂ ಇಲ್ಲದಿದ್ದರೆ?” ಎಂದು ಪ್ರಶ್ನಿಸಿದನು. ಸೇಗನ್ ಅವರಿಗೂ ಈ ಸಂಶಯವಿತ್ತು. ಈ ಓಲೆಯ ನಿಜವಾದ ಓದುಗರು ಭೂಮಿಯಲ್ಲಿಯೇ ಇದ್ದಾರೆಂಬುದನ್ನು ಅವರು ಅರಿಯದವರಲ್ಲ. ಆದರೆ ಬಾಲಕನಿಗೆ ನಾವು ಆ ಉತ್ತರವನ್ನು ಕೊಡಲಿಲ್ಲ, ಅದು ಜಾಣತನದ ಉತ್ತರವಾಗಿ ತೋರಿತು. ಹಾಡಿದಾಕೆಯ ಕಥೆಯನ್ನು ಮಾತ್ರ ಹೇಳಿದೆವು. ಕೇಸರಬಾಯಿಯವರು 1977ರ ಸೆಪ್ಟೆಂಬರ್ 16ರಂದು ತೀರಿಕೊಂಡರು. ಅವರ ಧ್ವನಿಯನ್ನು ಹೊತ್ತ ವಾಯೇಜರ್-1 ಹೊರಟು ಆಗ ಹನ್ನೊಂದು ದಿನಗಳಾಗಿದ್ದವು. ಅದಾದ ಎರಡನೆಯ ದಿನ, ಸೆಪ್ಟೆಂಬರ್ 18ರಂದು, ಒಂದು ಕೋಟಿ ಹದಿನಾರು ಲಕ್ಷ ಕಿಲೋಮೀಟರುಗಳಿಗೂ ಹೆಚ್ಚಿನ ದೂರದಿಂದ ಆ ನೌಕೆಯು ಹಿಂದಿರುಗಿ ನೋಡಿ, ಭೂಮಿಯನ್ನೂ ಚಂದ್ರನನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದ ಮೊತ್ತಮೊದಲ ಚಿತ್ರವನ್ನು ತೆಗೆಯಿತು. ಅದರಲ್ಲಿ ಎರಡೂ ಬಿದಿಗೆಯ ಚಂದ್ರನಂತೆ ಬಾಗಿ ಕಾಣುತ್ತವೆ. ಬಾಲಕರು ಆ ಚಿತ್ರವನ್ನು ಬಹಳ ಹೊತ್ತು ನೋಡುತ್ತ ನಿಂತರು.